ಆಸ್ಪತ್ರೆಯ ತಾರಸಿಯ ಮೇಲಿನ ನೀರು

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ವಿದೇಶದಲ್ಲಿ, ಮಾರಿಸ್‌ಟೌನ್ ಎಂಬ ಊರಿನ ಒಂದು ಸಣ್ಣ ಎಂಜಿನಿಯರಿಂಗ್ ಆಫೀಸಿನಲ್ಲಿದ್ದೆ. ಕಟ್ಟಡಗಳ ನೀರು, ಒಳಚರಂಡಿ ನಮ್ಮ ಕೆಲಸ. ಒಂದು ಬೇಸಿಗೆಯಲ್ಲಿ, ಹತ್ತಿರದ ಊರಿನ ಹಳೆಯ ಆಸ್ಪತ್ರೆಯ ನೀರಿನ ವ್ಯವಸ್ಥೆಯನ್ನು ಪೂರ್ತಿ ಹೊಸದು ಮಾಡುವ ಹೊಣೆ ನನ್ನ ಪಾಲಿಗೆ ಬಂತು. "ಆಪರೇಷನ್ ಥಿಯೇಟರ್ ಇದೆ, ಹೆರಿಗೆ ವಾರ್ಡ್ ಇದೆ. ನಲ್ಲಿಯಲ್ಲಿ ನೀರು ಒಂದು ಗಳಿಗೆಯೂ ನಿಲ್ಲಕೂಡದು," ಎಂದ ಆಸ್ಪತ್ರೆಯ ಡೈರೆಕ್ಟರ್. ಜವಾಬ್ದಾರಿಯುಳ್ಳ ಮನುಷ್ಯ ಎಂದುಕೊಂಡೆ.

ತಾರಸಿಯ ಮೇಲೆ, ನಡುವೆ ಗೋಡೆಯಿದ್ದ ದೊಡ್ಡ ಕಬ್ಬಿಣದ ಟ್ಯಾಂಕಿತ್ತು. ಅರ್ಧವನ್ನು ಖಾಲಿ ಮಾಡಿ ಕೆಲಸ ನಡೆಸುವಾಗ ಉಳಿದರ್ಧ ನೀರು ಕೊಡಬೇಕು ಎಂಬುದು ಯೋಜನೆ. ಪ್ಲಂಬರ್ ಮುಚ್ಚಳ ಎತ್ತಿದ. ಮೊದಲು ಬಂದದ್ದು ವಾಸನೆ. ಮುಚ್ಚಳದ ಮೂಲೆ ತುಕ್ಕು ಹಿಡಿದು ಉದುರಿಹೋಗಿತ್ತು; ಅಲ್ಲಿಂದ ಪಾರಿವಾಳಗಳು ಒಳಗೆ ಬಿದ್ದಿದ್ದವು. ಒಂದು ಇನ್ನೂ ಇಡಿಯಾಗಿತ್ತು, ರೆಕ್ಕೆ ಹರಡಿಕೊಂಡು ತೇಲುತ್ತಿತ್ತು. ಉಳಿದವು ಕೊಳೆತು ಪುಕ್ಕ, ಮೂಳೆಗಳಾಗಿದ್ದವು. ಗೋಡೆಯ ಮೇಲೆ ಕಂದು ಲೋಳೆ. ಪ್ಲಂಬರ್ ಪಕ್ಕಕ್ಕೆ ತಿರುಗಿ ವಾಂತಿ ಮಾಡಿಕೊಂಡ.

ನಾನು ಇನ್ನರ್ಧದ ಮುಚ್ಚಳ ಎತ್ತಿಸಿದೆ. ಅದೂ ಹಾಗೆಯೇ ಇತ್ತು. ಹಿಂದಿನ ಚಳಿಗಾಲ ನನ್ನ ಹೆಂಡತಿ ಅಪೆಂಡಿಕ್ಸ್ ಆಪರೇಷನ್ನಿಗೆಂದು ಇದೇ ಆಸ್ಪತ್ರೆಯಲ್ಲಿ ಮಲಗಿದ್ದಳು. ಬಾಯಾರಿಕೆ ಎಂದಾಗ ನಲ್ಲಿಯಿಂದ ನೀರು ಹಿಡಿದು, ತಲೆಯೆತ್ತಿ ಹಿಡಿದು ಕುಡಿಸಿದವನು ನಾನೇ.

ಸೀದಾ ಡೈರೆಕ್ಟರನ ಕೋಣೆಗೆ ಹೋದೆ. ಅವನ ಮೇಜಿನ ಪಕ್ಕದಲ್ಲಿ, ಹೊರಗಿನಿಂದ ತರಿಸಿದ ನೀರಿನ ದೊಡ್ಡ ಗಾಜಿನ ಬಾಟಲಿ ಕೂಲರಿನ ಮೇಲೆ ತಲೆಕೆಳಗಾಗಿ ಕೂತಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿ, ನನಗೂ ಒಂದು ಕಾಗದದ ಲೋಟದಲ್ಲಿ ಹಿಡಿದು ಕೊಟ್ಟ.

"ಹಕ್ಕಿಗಳ ವಿಷಯ ಗೊತ್ತು. ಕ್ಲೋರಿನ್ ಜಾಸ್ತಿ ಹಾಕಿಸ್ತಾ ಇದೀವಿ," ಎಂದ.

"ಆ ನೀರನ್ನ ರೋಗಿಗಳಿಗೆ ಕೊಡೋಕಾಗಲ್ಲ. ಮೊದಲು ಬೀದಿಯ ಮೇನ್ ಪೈಪಿನಿಂದ ವಾರ್ಡುಗಳಿಗೆ ತಾತ್ಕಾಲಿಕ ಪೈಪ್ ಎಳೀಬೇಕು. ಟ್ಯಾಂಕ್ ಆಮೇಲೆ."

"ಕಾರಿಡಾರ್ ತುಂಬ ಪೈಪೇ? ಬಂದು ಹೋಗೋರು ಏನಂದ್ಕೋತಾರೆ? ನೋಡೋಕೆ ಗಲೀಜಾಗಿ ಕಾಣುತ್ತೆ."

ಲೋಟವನ್ನು ಮೇಜಿನ ಮೇಲಿಟ್ಟು ಹೊರಗೆ ಬಂದೆ. ಟ್ಯಾಂಕಿಗಿಂತ ಆ ಮನುಷ್ಯನನ್ನು ಕಂಡೇ ನನಗೆ ಹೆಚ್ಚು ಹೇಸಿಗೆಯಾಗಿತ್ತು.

ವಾರ್ಡುಗಳನ್ನು ನೋಡಿಕೊಳ್ಳುತ್ತಿದ್ದ ಹೆಡ್ ನರ್ಸನ್ನು ತಾರಸಿಗೆ ಕರೆದುಕೊಂಡು ಹೋದೆ. ವಯಸ್ಸಾದ, ಗಟ್ಟಿ ದನಿಯ ಹೆಂಗಸು. ಬಗ್ಗಿ ನೋಡಿ, ಮೂಗು ಮುಚ್ಚಿಕೊಂಡರು. ಕೆಳಗಿಳಿದವರೇ ರೋಗಿಗಳ ಪಕ್ಕದ ಜಗ್ಗುಗಳನ್ನೆಲ್ಲ ಚೆಲ್ಲಿಸಿದರು, ಅಡುಗೆಮನೆಯಲ್ಲಿ ನೀರು ಕುದಿಸಲು ಹೇಳಿದರು. ಆಮೇಲೆ ಡೈರೆಕ್ಟರನ ಬಾಗಿಲಲ್ಲಿ ನಿಂತು, ಕಾರಿಡಾರಿಗೆಲ್ಲ ಕೇಳುವ ಹಾಗೆ, "ಪೈಪ್ ಬರುವವರೆಗೆ, ಯಾಕೆ ಕುದಿಸಿದ ನೀರು ಅಂತ ಕೇಳಿದವರಿಗೆಲ್ಲ ನನ್ನ ನರ್ಸುಗಳು ಕಾರಣ ಹೇಳ್ತಾರೆ," ಎಂದರು.

ಮರುದಿನವೇ ಪೈಪಿಗೆ ಡೈರೆಕ್ಟರನ ಒಪ್ಪಿಗೆ ಬಂತು.

ಟ್ಯಾಂಕ್ ತೆರೆದ ದಿನ ಸಂಜೆ ಮನೆಯಲ್ಲಿ ನನಗೆ ಊಟ ಸೇರಿರಲಿಲ್ಲ.

"ಯಾಕ್ರೀ, ಸಾರು ಸರಿಯಾಗಿಲ್ವಾ?" ಎಂದಳು ಹೆಂಡತಿ. ಹೇಳಿದೆ.

"ಅಂದ್ರೆ ನಾನು ಕುಡಿದಿದ್ದೂ ಅದೇ ನೀರು."

"ಹ್ಞೂಂ."

ಅವಳು ತಟ್ಟೆ ಸರಿಸಿದಳು. "ನನ್ನ ಪಕ್ಕದ ಬೆಡ್ಡಿನ ಅಜ್ಜಿಗೆ ದಿನಾ ಹೊಟ್ಟೆ ಕೆಡ್ತಿತ್ತು, ನೆನಪಿದ್ಯಾ? ಮನೆಯಿಂದ ಏನೋ ತರಿಸಿಕೊಂಡು ತಿಂತೀರ ಅಂತ ವಾರ್ಡಿನ ಡಾಕ್ಟರು ಅವರನ್ನೇ ಗದರಿದ್ರು. ಪಾಪ, ಅವರನ್ನ ನೋಡೋಕೆ ಒಬ್ಬರೂ ಬರ್ತಿರಲಿಲ್ಲ."

ಹೊರಗೋಡೆಯ ಉದ್ದಕ್ಕೂ, ಮೆಟ್ಟಿಲ ಪಕ್ಕದಲ್ಲೂ ಪೈಪ್ ಎಳೆದೆವು. ಮೇಲಿನ ಅಂತಸ್ತುಗಳಿಗೆ ನೀರು ಏರಿಸಲು ನೆಲಮಾಳಿಗೆಯಲ್ಲಿ ಪಂಪ್ ಕೂರಿಸಿದೆವು. ಒಂದೊಂದೇ ವಾರ್ಡಿನಲ್ಲಿ ಹೊಸ ಲೈನಿನ ನೀರನ್ನು ಪರೀಕ್ಷಿಸಿ ನಲ್ಲಿಗಳಿಗೆ ಜೋಡಿಸುವುದು. ಆ ವಾರ್ಡಿನ ಹಳೆಯ ಪೈಪನ್ನು ತೊಳೆದು, ಕೊಳೆ ನೀರು ಹೋದಮೇಲೆ ಕುಡಿಯಲು ಬಿಡುವುದು. ಥಿಯೇಟರಿನಲ್ಲಿ ಕೈ ತೊಳೆಯುತ್ತಿದ್ದ ಸರ್ಜನ್‌ಗಳಿಗೆ ಬದಲಾವಣೆ ಗೊತ್ತೇ ಆಗಲಿಲ್ಲ. ಕೊನೆಗೆ ಹಳೆಯ ಟ್ಯಾಂಕನ್ನು ತುಂಡುತುಂಡಾಗಿ ಕತ್ತರಿಸಿ ಇಳಿಸಿ, ಹೊಸದನ್ನು ಕೂರಿಸಿದೆವು. ಹಳೆಯ ಟ್ಯಾಂಕಿನ ತಳದ ಕೆಸರನ್ನು ಬಾಚಿದ ದಿನಗಳಲ್ಲಿ ಸ್ನಾನ ಮಾಡಿದರೂ ಮೈ ನಾರುತ್ತಿದೆ ಅನ್ನಿಸುತ್ತಿತ್ತು.

ಕೆಲಸ ಮುಗಿದಾಗ ಸಮಾರಂಭ ಆಯಿತು. ಡೈರೆಕ್ಟರ್ ತನ್ನ ದೂರದೃಷ್ಟಿಯ ಬಗ್ಗೆ ಮಾತಾಡಿದ, ಟ್ರಸ್ಟಿಗಳು ಚಪ್ಪಾಳೆ ತಟ್ಟಿದರು. ಪಾರಿವಾಳದ ಸುದ್ದಿ ಯಾರೂ ಎತ್ತಲಿಲ್ಲ. ಹೆಡ್ ನರ್ಸನ್ನು ಕರೆದಿರಲಿಲ್ಲ. ನಾನೇ ವಾರ್ಡಿಗೆ ಹೋಗಿ ಬನ್ನಿ ಎಂದು ಕರೆದರೆ, "ಪುರುಸೊತ್ತಿಲ್ಲ," ಎಂದು ಒಬ್ಬ ಮುದುಕನಿಗೆ ದಿಂಬು ಸರಿಮಾಡಿ ಮುಂದಿನ ಬೆಡ್ಡಿಗೆ ಹೋದರು. ಆ ವರ್ಷವೇ ಅವರು ಕೆಲಸ ಬಿಟ್ಟರಂತೆ. ಡೈರೆಕ್ಟರ್ ಇನ್ನೂ ದೊಡ್ಡ ಆಸ್ಪತ್ರೆಯೊಂದಕ್ಕೆ ಡೈರೆಕ್ಟರಾಗಿ ಹೋದ.