ಅರಿಶಿನ ಮುಟ್ಟಿಸಿದ ಸೀರೆ

ಮೊನ್ನೆ ಸೊಸೆ ಹೊಸ ಸೀರೆಯ ಮಡಿಕೆ ಬಿಚ್ಚಿದಾಗ ಗಂಜಿಯ ವಾಸನೆ ಬಂತು. ಈಗಿನ ಸೀರೆಗಳಲ್ಲಿ ಆ ವಾಸನೆ ಕಡಿಮೆ, ಇದು ಕೈಮಗ್ಗದ್ದಂತೆ. ದೇವರ ಮುಂದಿಟ್ಟು ಮೂಲೆಗೆ ಅರಿಶಿನ ಮುಟ್ಟಿಸಿ ಕೊಡಿ ಅತ್ತೆ ಅಂದಳು. ಮುಟ್ಟಿಸಿ ಕೊಟ್ಟೆ. ಆಮೇಲೆ ಜವಳಿ ಸಾಹೇಬರು ನೆನಪಾದರು...

ಕಡೂರಿನ ಪೇಟೆಯಲ್ಲಿ ಆಗ ಒಂದು ದೊಡ್ಡ ಅಂಗಡಿ ಇತ್ತು. ಅದೇ ಯಜಮಾನರದ್ದು ತರೀಕೆರೆಯಲ್ಲೊಂದು, ಅಜ್ಜಂಪುರದಲ್ಲೊಂದು. ಜನ ಮೂರೂರಂಗಡಿ ಅನ್ನುತ್ತಿದ್ದರು. ಒಂದೇ ಸೂರಿನ ಕೆಳಗೆ ಜವಳಿ, ಹಿತ್ತಾಳೆ ಪಾತ್ರೆ, ಲಾಂದ್ರ, ಸ್ಲೇಟು, ಸೋಪು ಎಲ್ಲವೂ ಸಿಗುತ್ತಿದ್ದವು. ಒಂದೂರಿನಲ್ಲಿ ಇಲ್ಲದ್ದನ್ನು ಇನ್ನೊಂದೂರಿನಿಂದ ರೈಲಿನಲ್ಲೋ ಬಸ್ಸಿನಲ್ಲೋ ತರಿಸಿಕೊಡುತ್ತಿದ್ದರು. ನಾನು ಮದುವೆಯಾಗಿ ಕಡೂರಿಗೆ ಬಂದದ್ದು ಐವತ್ತರ ದಶಕದ ಕೊನೆಗೆ.

ಅಂಗಡಿಯ ಎಡಗಡೆ ಬಿಳಿ ಹಾಸಿನ ಕಟ್ಟೆ. ಅದರ ಮೇಲೆ ಕೂತು ಬಟ್ಟೆ ತೋರಿಸುತ್ತಿದ್ದವರು ಜವಳಿ ಸಾಹೇಬರು. ಬೆರಳ ತುದಿಯಲ್ಲಿ ಉಜ್ಜಿ ನೂಲು ಎಂಥದ್ದು ಅಂತ ಹೇಳಿಬಿಡುತ್ತಿದ್ದರು. ಯಾರಾದರೂ ಒದ್ದೆ ಕೈಯಲ್ಲಿ ಮುಟ್ಟಿದರೆ ಮಾತ್ರ ಸಹಿಸುತ್ತಿರಲಿಲ್ಲ.

"ಕೈ ಒರೆಸ್ಕೊಳ್ಳಿ ತಾಯಿ. ನಿಮ್ಮನೆ ಸೇರೋವರ್ಗೂ ಇವು ನನ್ನ ಹೆಣ್ಮಕ್ಕಳು."

ಹಬ್ಬ, ಮದುವೆ ಬಂದರೆ ಆರೇಳು ಸೀರೆ ಗಂಟು ಕಟ್ಟಿ ಮನೆಗೇ ಕಳಿಸುವ ಪದ್ಧತಿ ಆ ಅಂಗಡಿಯದು. ಹೆಂಗಸರು ಮನೆಯಲ್ಲಿ ನೋಡಿ ಬೇಕಾದ್ದು ಇಟ್ಟುಕೊಂಡು ಉಳಿದದ್ದನ್ನು ಹಿಂದಕ್ಕೆ ಕೊಡಬೇಕು. ಗಂಟು ಹೊರಡುತ್ತಿದ್ದದ್ದು ಸಾಹೇಬರ ಮಾತಿನ ಮೇಲೆ. ಹೆಣ್ಣು ತೋರಿಸೋ ಶಾಸ್ತ್ರ ಅಂತ ಅವರೇ ನಗುತ್ತಿದ್ದರು. ಹಿಂದಕ್ಕೆ ಬಂದ ಸೀರೆಯ ಪ್ರತಿ ಮಡಿಕೆಯನ್ನೂ ಅವರು ಬಿಚ್ಚಿ ನೋಡಬೇಕಿತ್ತು. ನಮ್ಮ ಮನೆಯದನ್ನು ಬಿಚ್ಚುತ್ತಿರಲಿಲ್ಲ. ನಮ್ಮತ್ತೆಯ ಮೇಲೆ ಅಷ್ಟು ನಂಬಿಕೆ.

ನನ್ನ ಮೊದಲ ಗೌರಿ ಹಬ್ಬಕ್ಕೆ ಗಂಟು ಬಂತು. ಅದರಲ್ಲೊಂದು ಎಲೆಹಸಿರು ಸೀರೆ, ಕೆಂಪು ಅಂಚು. ನನಗೆ ಅದೇ ಬೇಕಿತ್ತು, ಹೊಸ ಸೊಸೆ ಬಾಯಿಬಿಟ್ಟು ಕೇಳುವ ಹಾಗಿರಲಿಲ್ಲ. ಅರಿಶಿನ ಮುಟ್ಟಿಸಿದ ಮೇಲೆ ಸೀರೆ ಮನೆಯದಾದಂತೆ, ಅಂಗಡಿಗೆ ಹೋಗುವುದಿಲ್ಲ. ಅತ್ತೆ ಹಿತ್ತಲಿಗೆ ಹೋದಾಗ ದೇವರ ಮುಂದೆ ನಿಂತು ಅದರ ಮೂಲೆಗೆ ಅರಿಶಿನ ಮುಟ್ಟಿಸಿಬಿಟ್ಟೆ. ದೇವಿಯನ್ನೇ ನನ್ನ ಆಸೆಗೆ ಸಾಕ್ಷಿ ಮಾಡಿಕೊಂಡೆ.

ಅತ್ತೆ ಒಳಗೆ ಬಂದವರೇ ಕಾಫಿ ಬಣ್ಣದ ಸೀರೆ ಎತ್ತಿಕೊಂಡು, "ಇದು ಬಾಳಿಕೆ ಬತ್ತದೆ ಕಣೇ, ಕೊಳೆನೂ ಕಾಣಲ್ಲ" ಅಂದರು. ಆಗ ನಿಜ ಹೇಳಿದ್ದರೆ ನಾಲ್ಕು ದಿನ ಬೈದಿರೋರು, ಅಷ್ಟೇ. ನಾನು ಮೂಲೆಯನ್ನು ಒಳಗೆ ಮಡಿಸಿ ಹಸಿರು ಸೀರೆಯನ್ನು ಗಂಟಿನ ನಡುವೆ ಸೇರಿಸಿದೆ.

ಗಂಟು ಅಂಗಡಿಗೆ ಮರಳಿದ ಮೇಲೆ ಅದನ್ನು ಯಾರೋ ಮಗಳ ಮದುವೆಗೆ ತೆಗೆದುಕೊಂಡು ಹೋಗಿದ್ದರು. ಶಾಸ್ತ್ರದ ದಿನ ಬಿಚ್ಚಿದರೆ ಮೂಲೆಯಲ್ಲಿ ಹಳೇ ಅರಿಶಿನ. ಇನ್ನೊಬ್ಬರು ಉಟ್ಟ ಸೀರೆಯನ್ನು ಮದುಮಗಳಿಗೆ ಕೊಟ್ಟಿದ್ದೀರಿ ಅಂತ ಹುಡುಗಿಯ ತಂದೆ ಅಂಗಡಿಗೆ ಬಂದು ಕೂಗಾಡಿದರು. ಸೀಗೆಪುಡಿ ತರಲು ಹೋಗಿದ್ದ ಅತ್ತೆಯೂ ನಾನೂ ಅಲ್ಲೇ ನಿಂತಿದ್ದೆವು. ಈ ಸೀರೆ ಯಾರ ಮನೆಗೆ ಹೋಗಿತ್ತು ಅಂತ ಯಜಮಾನರು ಕೇಳಿದರು. ಅದು ನಮ್ಮ ಮನೆಯೊಂದಕ್ಕೇ ಹೋಗಿತ್ತು. ಸಾಹೇಬರ ಕಣ್ಣು ನನ್ನ ಮೇಲೆ ಒಂದು ಗಳಿಗೆ ನಿಂತು ಕೆಳಗಿಳಿಯಿತು.

"ಮನೆ ನೆಪ್ಪಿಲ್ಲ ಯಜಮಾನ್ರೇ. ಮಡಿಕೆ ಬಿಚ್ದೆ ಇಸ್ಕೊಂಡೆ. ತಪ್ಪು ನಂದೇ."

ನಾನು ಸೀಗೆಪುಡಿಯ ಪೊಟ್ಟಣ ಎತ್ತಿಕೊಂಡು ಅತ್ತೆಯ ಹಿಂದೆ ಹೊರಟೆ. ಹಸಿರು ಸೀರೆ ನಮ್ಮ ಗಂಟಿನಲ್ಲಿದ್ದದ್ದು ಅತ್ತೆಗೆ ನೆನಪಿರಲಿಲ್ಲ. ದಾರಿಯಲ್ಲಿ, ಯಾವ ಮನೆಯ ಬುದ್ಧಿಗೇಡಿಯೋ ಪಾಪ ಆ ಮುದುಕನ ತಲೆಗೆ ತಂದಳು ಅಂದರು. ಹೌದತ್ತೆ ಅಂದೆ.

ಅವರನ್ನು ಅಜ್ಜಂಪುರದ ಅಂಗಡಿಗೆ ಕಳಿಸಿದರು, ಹಗ್ಗ, ಬಕೆಟ್ಟು, ಲಾಂದ್ರ ಮಾರುವುದಕ್ಕೆ. ಮೂರೂ ಊರಲ್ಲಿ ಗಂಟು ಕಳಿಸುವುದೇ ನಿಂತಿತು.

ನಾಲ್ಕೈದು ವರ್ಷದ ಮೇಲೆ ನೆಂಟರ ಮನೆಯ ನಾಮಕರಣಕ್ಕೆ ಅಜ್ಜಂಪುರಕ್ಕೆ ಹೋದಾಗ, ಈ ಸಲ ಹೇಳಲೇಬೇಕು ಅಂತ ಒಬ್ಬಳೇ ಅಂಗಡಿಗೆ ಹೋದೆ. ಹಿಂಭಾಗದಲ್ಲಿ ಕೂತಿದ್ದರು. ತೆಂಗಿನ ನಾರಿನ ಹಗ್ಗಗಳನ್ನೂ ಸೀರೆಯ ಹಾಗೆ ಅಂಚು ಕೂಡಿಸಿ ಜೋಡಿಸಿಟ್ಟಿದ್ದರು. ಬೆರಳ ತುದಿಗಳು ಒಡೆದಿದ್ದವು. ನಿಮ್ಮತ್ತೆ ಚೆನ್ನಾಗಿದ್ದಾರಾ ತಾಯಿ ಅಂತ ಕೇಳಿದರು.

"ಸಾಹೇಬ್ರೇ, ಆವತ್ತು ಆ ಸೀರೆ..." ಅಂದೆ. ಪಕ್ಕದಲ್ಲಿ ಅಂಗಡಿಯವರು ಇಬ್ಬರು ನಿಂತಿದ್ದರು.

"ಬಾವಿ ಎಷ್ಟು ಆಳ ಹೇಳಿ ತಾಯಿ," ಅಂದರು, "ಹಗ್ಗ ಕೊಡ್ತೀನಿ."

ನನ್ನ ಮಾನ ಉಳಿಸಲು ಹಾಗಂದರೋ, ನನ್ನ ಮಾತು ಅವರಿಗೆ ಬೇಡವಾಗಿತ್ತೋ... ಇವತ್ತಿಗೂ ಗೊತ್ತಿಲ್ಲ. ನಾನು ಹಟಮಾಡಿ ಹೇಳಬಹುದಿತ್ತು. ಹನ್ನೆರಡು ಮಾರು ಅಂದೆ. ಹಗ್ಗ ಹಿಡಿದುಕೊಂಡು ಹೊರಗೆ ಬಂದಾಗ ಮನಸ್ಸು ಹಗುರವಾಗಿತ್ತು. ಅದನ್ನು ನೆನೆದರೇ ಹೆಚ್ಚು ನಾಚಿಕೆ.

ಬಸ್ ಸ್ಟ್ಯಾಂಡಿನ ಸುತ್ತ ಹೊಸ ಅಂಗಡಿಗಳು ಬಂದಂತೆ ಮೂರೂರಂಗಡಿಗೆ ಹೋಗುವವರು ಕಡಿಮೆಯಾದರು. ಅಜ್ಜಂಪುರದ್ದು ಮೊದಲು ಮುಚ್ಚಿತು, ಆಮೇಲೆ ತರೀಕೆರೆಯದು. ಅಜ್ಜಂಪುರದ್ದು ಮುಚ್ಚುವ ಮುಂಚೆಯೇ ಸಾಹೇಬರು ತೀರಿಹೋಗಿದ್ದರು ಅಂತ ಬಹಳ ತಡವಾಗಿ ಕೇಳಿದೆ. ದೇವರು ನನಗೆ ಏನೂ ಕಡಿಮೆ ಮಾಡಲಿಲ್ಲ. ಮಕ್ಕಳು ಗಟ್ಟಿಯಾಗಿದ್ದಾರೆ, ಕಣ್ಣು ಕಾಣುತ್ತದೆ, ಎರಡು ಹೊತ್ತು ದೀಪ ಹಚ್ಚುವ ಶಕ್ತಿ ಇದೆ. ಇದನ್ನೆಲ್ಲ ಎಣಿಸುವಾಗ ಸಾಹೇಬರ ಹತ್ತಿರ ಬಂದು ಎಣಿಕೆ ನಿಲ್ಲುತ್ತದೆ.

ಈ ವಾರ ಪೇಟೆಗೆ ಹೋದೆ. ಕಡೂರಿನ ಅಂಗಡಿಯನ್ನೂ ಕೆಡವುತ್ತಿದ್ದಾರೆ. ನೋಡುತ್ತಾ ನಿಂತಾಗ, ಬಸ್ಸಿಗೆ ಕಾಯುತ್ತಿದ್ದ ಹೆಣ್ಣುಮಗಳೊಬ್ಬಳು ಇಲ್ಲಿ ಏನಿತ್ತಜ್ಜಿ ಅಂದಳು. ಏನಿತ್ತು ಅಂತ ಹೇಳಲು ಹೋಗಿ, ಅತ್ತೆಗೂ ಗಂಡನಿಗೂ ಹೇಳದ್ದನ್ನೆಲ್ಲ ಆ ಗುರುತಿಲ್ಲದವಳಿಗೆ ಹೇಳಿಬಿಟ್ಟೆ. ಅರಿಶಿನ ಮುಟ್ಟಿಸಿದವಳು ನಾನು, ಅವರ ತಪ್ಪೇನಿಲ್ಲ ಅಂದೆ. ಪಾಪ, ಒಂದು ಬಸ್ಸು ಬಿಟ್ಟು ನಿಂತು ಕೇಳಿದಳು. ಆದರೆ ಅದನ್ನು ಕೇಳಿ, ಸಾಹೇಬರನ್ನು ಜವಳಿ ಕಟ್ಟೆಗೆ ವಾಪಸ್ಸು ಕರೆಯಬೇಕಾದವರು ಯಾರೂ ಉಳಿದಿಲ್ಲ.