ಹನ್ನೊಂದು ಮಕ್ಕಳ ತೂಕ

ಇನಾಕ್ ಮುಸ್ನಿಗೂ ಸಿಟ್ಟು ಬರುತ್ತದೆಂದು ಊರಿಗೆ ಗೊತ್ತಾದದ್ದು ಆಕೆಗೆ ನಲವತ್ತಾರು ತುಂಬಿದ ಮೇಲೆ. ಲೊಂಬೊಕ್ ದ್ವೀಪದ ದಕ್ಷಿಣಕ್ಕಿರುವ ಆ ಒಣನೆಲದ ಹಳ್ಳಿಯಲ್ಲಿ ಅಲ್ಲಿಯವರೆಗೆ ಆಕೆಯ ದನಿ ಕೇಳಿದವರೇ ಕಡಿಮೆ. ಹೆತ್ತವರು ಇಟ್ಟ ಹೆಸರು ರುಮೇನಾ. ಹಿರಿಮಗಳು ಮುಸ್ನಿ ಹುಟ್ಟಿದ ದಿನದಿಂದ ಊರವರ ಬಾಯಲ್ಲಿ ಮುಸ್ನಿಯ ತಾಯಿ, ಇನಾಕ್ ಮುಸ್ನಿ.

ಮೂರನೆಯ ತರಗತಿಗೇ ಶಾಲೆ ಬಿಟ್ಟವಳು. ತಿಂಗಳಿಗೊಮ್ಮೆ ಊರಿನ ಕೂಸುಗಳನ್ನು ತೂಗಲು ಸ್ವಯಂಸೇವಕಿಯರು ಬೇಕೆಂದಾಗ, ಒದ್ದಾಡುವ ಮಕ್ಕಳನ್ನು ಹಿಡಿಯಲು ಗಟ್ಟಿ ತೋಳಿನವಳೆಂದು ಸೇರಿಸಿಕೊಂಡಿದ್ದರು. ಸಂಬಳವಿಲ್ಲ. ತಕ್ಕಡಿಯ ಗೆರೆ ಓದಲೂ ಬರುತ್ತಿರಲಿಲ್ಲ. ಸರ್ಕಾರಿ ದಾದಿ ಲಾಸ್ತ್ರಿ ಬೆರಳು ಹಿಡಿದು ಕಲಿಸಿದಳು. ಪ್ರತಿ ಮಗುವಿನ ತೂಕ ಗುರುತಿಸುವ ಕಾರ್ಡಿನಲ್ಲಿ ಚುಕ್ಕೆ ಕೆಂಪು ಗೆರೆಯ ಕೆಳಗಿಳಿದರೆ ಆ ಮಗು ಅಪಾಯದಲ್ಲಿದೆ ಎಂಬುದು ತಿಳಿದ ಮೇಲೆ ಇನಾಕ್ ಸುಮ್ಮನೆ ಕೂರಲಿಲ್ಲ. ಅಂಥ ಮನೆಗೆ ಹೋಗಿ ನುಗ್ಗೆಸೊಪ್ಪು, ಮೊಟ್ಟೆ ಹಾಕಿ ಗಂಜಿ ಬೇಯಿಸಿ ತೋರಿಸುತ್ತಿದ್ದಳು. ಬಾಣಂತಿಯ ಮೊದಲ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲಿಸುವ ಅತ್ತೆಯರೊಡನೆ ಮೆಲುದನಿಯಲ್ಲೇ ವಾದಿಸುವಷ್ಟಾದಳು. ಹೀಗೆ ಹನ್ನೆರಡು ವರ್ಷ ಕಳೆಯಿತು.

ಆ ವರ್ಷ ಬೆಳೆ ಕೈಕೊಟ್ಟಿತ್ತು. ಹನ್ನೊಂದು ಮಕ್ಕಳು ಕೆಂಪು ಗೆರೆಯ ಕೆಳಗಿದ್ದರು. ಅದೇ ಹೊತ್ತಿಗೆ ಆರೋಗ್ಯವಂತ ಹಳ್ಳಿಯ ಸ್ಪರ್ಧೆ ಬಂತು. ಮೇಲಿನವರು ತೂಕದ ದಿನವೇ ನೋಡಲು ಬರುತ್ತಾರಂತೆ. ಊರವರು ಮರ್ಯಾದೆಗೆ ‘ಪಾಕ್’ ಎಂದು ಕರೆಯುವ ಹಳ್ಳಿ ಕಾರ್ಯದರ್ಶಿ ಹಮ್ದಿ ಆಕೆಯನ್ನು ಕಚೇರಿಗೆ ಕರೆಸಿದ. ಆ ಹನ್ನೊಂದು ಮಕ್ಕಳ ತಾಯಂದಿರಿಗೆ ಆ ದಿನ ಮನೆಯಲ್ಲೇ ಇರಲು ಹೇಳಬೇಕು, ತೂಕದ ಪಟ್ಟಿಯಲ್ಲೂ ಆ ಮಕ್ಕಳ ಹೆಸರು ಬೇಡ ಎಂದ.

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆ ಮಕ್ಕಳಿಗೆ ಸರ್ಕಾರದಿಂದ ಬರಬೇಕಾದ ಮೊಟ್ಟೆ, ಹಾಲು ಬರುವುದಿಲ್ಲವಲ್ಲ ಎಂದಳು ಇನಾಕ್.

"ಒಂದ್ ತಿಂಗ್ಳು ತಾನೇ? ಬಿಡು ಇನಾಕ್. ನೀನೇನು ಡಾಕ್ಟ್ರಾ? ಪುಕ್ಕಟೆ ಕೆಲ್ಸ ಮಾಡೋಳು, ಹೇಳಿದ್ದಷ್ಟು ಮಾಡು."

ಇನಾಕ್ ಎದ್ದು ಹೊರಬಂದಳು. ಹಸಿದ ಮಗುವನ್ನು ಕೊಳೆಬಟ್ಟೆಯಂತೆ ಅತಿಥಿಗಳ ಕಣ್ಣಿಗೆ ಬೀಳದ ಹಾಗೆ ಮುಚ್ಚಿಡಬೇಕೆ? ಇಷ್ಟು ವರ್ಷ ಇವನೆದುರು ತಲೆ ತಗ್ಗಿಸಿ ಕೂತಿದ್ದಕ್ಕೆ ತನ್ನ ಮೇಲೂ ಸಿಟ್ಟು ಬಂತು.

ಸ್ಪರ್ಧೆಯ ಬೆಳಗ್ಗೆ ಆಕೆ ಹನ್ನೊಂದು ಮನೆಗಳ ಬಾಗಿಲಿಗೂ ಹೋದಳು. ಇಬ್ಬರು ತಾಯಂದಿರು ಹೆದರಿ ಒಳಗೇ ಉಳಿದರು. ಒಂಬತ್ತು ಮಂದಿ ಬಂದರು. ಹುಲ್ಲುಮಾಡಿನ ಜಗಲಿಯಲ್ಲಿ ಹೊಸ ಬಟ್ಟೆ ತೊಟ್ಟ ಗುಂಡುಗುಂಡು ಮಕ್ಕಳ ಸಾಲಿನ ಹಿಂದೆ ಬಡಕಲು ಕೂಸುಗಳನ್ನೆತ್ತಿಕೊಂಡ ಆ ತಾಯಂದಿರೂ ನಿಂತರು. ಅತಿಥಿಗಳು ಎಳನೀರು ಕುಡಿಯುತ್ತಿದ್ದರು. ಇನಾಕ್ ಒಂದೊಂದೇ ಮಗುವನ್ನು ತೂಗುಚೀಲದಲ್ಲಿ ಕೂರಿಸಿ, ಹೆಸರು, ವಯಸ್ಸು, ತೂಕವನ್ನು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದಳು. ಬಾರದ ಇಬ್ಬರು ಮಕ್ಕಳ ಹಿಂದಿನ ತಿಂಗಳ ತೂಕವನ್ನೂ ಹೇಳಿದಳು.

ಹಮ್ದಿ ಹತ್ತಿರ ಬಂದು, ನಾಳೆಯಿಂದ ನಿನಗಿಲ್ಲಿ ಕೆಲಸವಿಲ್ಲ ಎಂದು ಹಲ್ಲು ಕಡಿದ.

"ಸಂಬಳ ಕೊಟ್ಟಿದ್ರೆ ಕಿತ್ಕೋಬೋದಿತ್ತು ಪಾಕ್," ಎಂದಳು ಇನಾಕ್. "ನಂದು ಪುಕ್ಕಟೆ ಕೆಲ್ಸ ಅಂತ ನೀವೇ ಹೇಳಿದ್ರಲ್ಲ. ಏನ್ ಕಿತ್ಕೋತೀರಿ?"

ಬಹುಮಾನ ಪಕ್ಕದ ಹಳ್ಳಿಗೆ ಹೋಯಿತು. ಊರಿನ ಮಾನ ಕಳೆದಳೆಂದು ಕೆಲವರು ಈಕೆಯೊಡನೆ ಮಾತು ಬಿಟ್ಟರು. ಸ್ವಯಂಸೇವಕಿಯರ ಪಟ್ಟಿಯಿಂದ ಆಕೆಯ ಹೆಸರು ಹೊಡೆದು ಹಮ್ದಿ ತನ್ನ ತಂಗಿಯ ಮಗಳನ್ನು ಸೇರಿಸಿದ. ಆ ಹುಡುಗಿ ಪಾಪ, ಎರಡೇ ವಾರಕ್ಕೆ ಇನಾಕ್‌ಳ ಮನೆಗೆ ಬಂದು, ಮಗು ಒದ್ದರೆ ತಕ್ಕಡಿ ಓದುವುದು ಹೇಗೆಂದು ಕೇಳಿದಳು. ಇನಾಕ್ ಕಲಿಸಿಕೊಟ್ಟಳು, ತೂಕದ ದಿನ ಜೊತೆಗೆ ಹೋಗಿ ನಿಂತಳು. ಬೇಡವೆನ್ನುವ ಧೈರ್ಯ ಯಾರಿಗೂ ಆಗಲಿಲ್ಲ.

ಮೊಟ್ಟೆ ಬಂದದ್ದು ನಾಲ್ಕು ತಿಂಗಳು ತಡವಾಗಿ, ಅದೂ ಏಳು ಮಕ್ಕಳಿಗೆ ಸಾಲುವಷ್ಟು. ಮಿಕ್ಕ ನಾಲ್ವರದ್ದು ಎಲ್ಲಿ ಎಂದು ಕೇಳಲು ಇನಾಕ್ ಮುಸ್ನಿ ಪ್ರತಿ ಸೋಮವಾರ ಕಚೇರಿಗೆ ಹೋಗುತ್ತಾಳೆ. ಕುರ್ಚಿ ಕೊಡದಿದ್ದರೆ ತಾನೇ ಎಳೆದುಕೊಂಡು ಕೂರುತ್ತಾಳೆ.