ಫೋನಿನ ಮಂದಿಗೆ ಒಂದು ಚಿಪ್ಪು ಬಾಳೆಹಣ್ಣು

ಅಡುಗೆಮನೆಯಿಂದ ವಾಸನೆ ಬರುತ್ತಿದೆ. ಕಮಲಾಪುರದ ಕೆಂಪು ಬಾಳೆಹಣ್ಣಿನದು. ಬೇರೆ ಬಾಳೆ ಹಣ್ಣಾದರೆ ಮನೆಯವರಿಗೆ ಗೊತ್ತಾಗುತ್ತದೆ, ಇದು ಹಣ್ಣಾದರೆ ಓಣಿಗೇ ಗೊತ್ತಾಗುತ್ತದೆ. ಬೆಳಿಗ್ಗೆ ಊರಿನ ಬಸ್ಸಿನಲ್ಲಿ ಬಂದ ಚೀಲದಲ್ಲಿ ಎರಡು ಚಿಪ್ಪು ಇದ್ದವು. ಚೀಲದ ಹಿಂದೆಯೇ ಅವ್ವನ ಕರೆ ಬಂತು.

"ಒಂದು ನಿನಗ. ಇನ್ನೊಂದು ಫೋನಿನ ಮಂದಿಗಿ. ಅದಕ್ಕ ಕೈ ಹಚ್ಚಬ್ಯಾಡ."

"ಅವರಿಗಿ ಹೆಂಗ ಕೊಡ್ಲಿ ಅವ್ವಾ?"

"ಮೊದಲ ತೋರ್ಸು. ಆಮ್ಯಾಲ ಅವರ ಹೆಸರ್ಲೆ ನೀನೇ ತಿನ್ನು. ಹೋದ ಸಲ ತಿಂದಿಲ್ಲೇನು?"

ತಿಂದಿದ್ದೆ. ಅವರ ಹೆಸರಿನಲ್ಲಿ ನಾನು ಬಹಳ ಧಾರಾಳವಾಗಿಯೇ ತಿನ್ನುತ್ತೇನೆ.

ಈ ಫೋನಿನ ಮಂದಿ ಯಾರೆಂದು ಹೇಳಬೇಕು. ದಿನಾ ಸಂಜೆ ಬೇರೆ ಬೇರೆ ಊರುಗಳಿಂದ ಫೋನಿನಲ್ಲಿ ಒಟ್ಟಾಗಿ ಕೂತು ಬುದ್ಧವಂದನೆ ಹೇಳಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಧ್ಯಾನ ಮಾಡುವವರ ಗುಂಪು ಅದು. ಕಪನೂರಿನ ಕಾರ್ಖಾನೆಯೊಂದರ ಕಚೇರಿಯಲ್ಲಿ ಕೆಲಸ ಸಿಕ್ಕು, ನಗರದ ಜೇವರ್ಗಿ ಕಾಲೋನಿಯಲ್ಲಿ ಬಾಡಿಗೆಮನೆ ಹಿಡಿದ ಹೊಸತರಲ್ಲಿ ಅದನ್ನು ಹುಡುಕಿಕೊಂಡೆ. ಮನೆ ನೋಡಲು ಹೋದಲ್ಲೆಲ್ಲ "ನೀವು ಯಾರ ಪೈಕಿ?" ಎಂದು ಕೇಳಿಸಿಕೊಂಡು ಬಂದಿದ್ದೆ. ಹಾಗಾಗಿ ಗುಂಪಿಗೆ ಸೇರುವ ಮೊದಲ ದಿನ ಸಂದರ್ಶನಕ್ಕೆ ಹೋಗುವವಳಂತೆ ತಯಾರಾಗಿ ಕೂತಿದ್ದೆ. ಬೆನ್ನ ಹಿಂದಿನ ಗೋಡೆಯ ಮೇಲೆ ನನ್ನ ಪದವಿ ಪ್ರಮಾಣಪತ್ರ ಪೂರ್ತಿ ಕಾಣುವ ಹಾಗೆ ಫೋನನ್ನು ಡಬ್ಬಿಗಳ ಮೇಲೆ ಡಬ್ಬಿಯಿಟ್ಟು ನಿಲ್ಲಿಸಿದ್ದೆ. ಗುಂಪು ನಡೆಸುವ ನಾಗಪುರದ ಸುಜಾತಾತಾಯಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಖಾನಾ ಹುವಾ, ಬೇಟಾ?" ಊಟ ಆಗಿದೆ ಎಂದೆ. ಸಂದರ್ಶನ ಮುಗಿಯಿತು. ನಾನು ಯಾರ ಪೈಕಿ ಎಂದು ಅಲ್ಲಿ ಇವತ್ತಿನವರೆಗೆ ಯಾರೂ ಕೇಳಿಲ್ಲ.

ಅಲ್ಲೊಂದು ಪದ್ಧತಿಯಿದೆ. ಒಬ್ಬರು ಸಾಲು ಹೇಳುತ್ತಾರೆ, ಉಳಿದವರು ತಮ್ಮ ಮೈಕ್ ಬಂದ್ ಮಾಡಿಕೊಂಡು ಮನೆಯಲ್ಲೇ ಅದನ್ನು ಹೇಳುತ್ತಾರೆ. ಇಲ್ಲದಿದ್ದರೆ ದನಿಗಳು ಹಿಂದುಮುಂದಾಗಿ ಗೋಜಲಾಗುತ್ತದೆ. ಹೇಳುವವರು ನಡುವೆ ಮರೆತರೆ ಯಾರೂ ನಗುವುದಿಲ್ಲ, ತಿದ್ದುವುದಿಲ್ಲ. ಎಲ್ಲರೂ ಮೊದಲಿನಿಂದ ಶುರು ಮಾಡುತ್ತಾರೆ. ಒಮ್ಮೆ ಲೇಹ್‌ನ ನಿವೃತ್ತ ಮೇಷ್ಟ್ರು ಒಂದೇ ಸಂಜೆ ಮೂರು ಸಲ ಮರೆತರು. ಮೂರು ಸಲವೂ ನಾವೆಲ್ಲ ಅವರ ಜೊತೆ ವಾಪಸ್ಸು ಹೋದೆವು.

ಅದನ್ನು ನೋಡಿದಾಗಲೇ ನನಗೆ ಅವ್ವನ ನೆನಪಾದದ್ದು.

ನಾನು ಚಿಕ್ಕವಳಿದ್ದಾಗಿನ ಮಾತು. ಕಮಲಾಪುರದ ನಮ್ಮ ಬುದ್ಧವಿಹಾರದಲ್ಲಿ ಒಂದು ಹುಣ್ಣಿಮೆಯ ದಿನ ಹೆಂಗಸರೆಲ್ಲ ಒತ್ತಾಯಿಸಿ ವಂದನೆ ಹೇಳಲು ಅವ್ವನನ್ನು ಎಬ್ಬಿಸಿದ್ದರು. ಬಾಳೆತೋಟದಲ್ಲಿ ಗೊನೆ ಕಡಿಯುವಾಗ ಅವಳ ಹಾಡು ಆಚೆ ತೋಟಕ್ಕೆ ಕೇಳುತ್ತಿತ್ತು, ಅಂಥ ದನಿ. ಆದರೆ ಜನರೆದುರು ನಿಂತಾಗ ನಡುವೆ ಒಂದು ಸಾಲು ತಪ್ಪಿತು. ಅಪ್ಪನ ದಾಯಾದಿ ಅಣ್ಣ ಶಿವರಾಯ ಕಾಕಾ ಕೂತಲ್ಲಿಂದಲೇ ಹೇಳಿದರು: "ಓದು ಬಂದವರು ಹೇಳ್ಲಿ. ನೀ ಹಿಂದ ಕುಂದ್ರವ್ವ."

ಅವ್ವ ಹಿಂದೆ ಹೋಗಿ ಕೂತಳು. ಆಮೇಲೆ ಅಲ್ಲಿ ಅವಳ ದನಿ ಕೇಳಲೇ ಇಲ್ಲ, ತುಟಿ ಮಾತ್ರ ಅಲ್ಲಾಡುತ್ತಿತ್ತು. ನನ್ನನ್ನು ಬಿಡದೆ ಶಾಲೆಗೆ ಅಟ್ಟಿದ್ದು ಆ ಹುಣ್ಣಿಮೆಯಿಂದ. ಜ್ವರ ಬಂದರೂ ಕಳಿಸುತ್ತಿದ್ದಳು. ಮನೆತನದಲ್ಲೇ ಮೊದಲ ಪದವಿ ನನ್ನದಾದಾಗ ವಿಹಾರದವರು ನನ್ನನ್ನೇ ಮುಂದೆ ಕೂಡಿಸಿದರು. ನಾನು ಪುಸ್ತಕ ನೋಡಿ ತಪ್ಪಿಲ್ಲದೆ ಓದಿದೆ. ಅವ್ವ ಹಿಂದಿನ ಸಾಲಿನಿಂದ ನನ್ನನ್ನೇ ನೋಡುತ್ತಿದ್ದಳು. ಹೆಮ್ಮೆಯಿತ್ತು ಆ ಮುಖದಲ್ಲಿ. ಆದರೆ ಅವಳ ಜಾಗವನ್ನು ನಾನು ತುಂಬಿದ್ದೆನೇ ಹೊರತು, ಅದು ಅವಳಿಗೆ ಸಿಕ್ಕಿರಲಿಲ್ಲ.

ಮೇಷ್ಟ್ರು ಮರೆತದ್ದನ್ನು ನೋಡಿದ ಮೇಲೆ ಊರಿಗೆ ಹೋಗಿ ಅವಳಿಗೊಂದು ಫೋನು ಕೊಡಿಸಿ, ಗುಂಪಿಗೆ ಸೇರಲು ಯಾವ ಚಿತ್ರ ಒತ್ತಬೇಕೆಂದು ಕಲಿಸಿ ಬಂದೆ. ಆ ಸಂಜೆ ನನ್ನ ಫೋನಿನ ಚೌಕವೊಂದರಲ್ಲಿ ನಮ್ಮ ಮನೆಯ ಫ್ಯಾನು ಕಾಣಿಸಿತು. ಒಂದು ರೆಕ್ಕೆ ಬಾಗಿದ, ಓಲಾಡುತ್ತಾ ತಿರುಗುವ ಅದೇ ಫ್ಯಾನು. ನಾಚಿಕೆಯಾಗಿ ತಕ್ಷಣ ಅವ್ವನ ಪಕ್ಕದ ಮನೆಗೆ ಕರೆ ಮಾಡಿ ಅವಳನ್ನು ಕರೆಸಿದೆ.

"ಅವ್ವಾ, ಫೋನ್ ನಿಲ್ಲಿಸಿ ಇಡು. ನಿನ್ನ ಮಾರಿ ಕಾಣವಲ್ದು."

"ಬುದ್ಧನ ಮುಂದ ಇಡೋದನ್ನ ನಿಲ್ಲಿಸಿ ಇಡ್ತಾರೇನು? ಹಣ್ಣು, ಹೂವ ಹೆಂಗ ಇಡ್ತೀವಿ ಹಂಗ ಇಟ್ಟೀನಿ."

ಬಿಳಿ ಬಟ್ಟೆಯ ಮೇಲೆ, ಹೂವಿನ ಪಕ್ಕ, ಅಂಗಾತ. ಪದವೀಧರೆ ಕರೆ ಮುಗಿಸಿ ವಂದನೆಗೆ ಕೂತಳು. ಗುಂಪಿನವರೂ ಹಾಗೆಯೇ ಒಪ್ಪಿಕೊಂಡರು. ಫ್ಯಾನಿಗೇ ಕೈಮುಗಿದು ನಮಸ್ಕಾರ ಹೇಳುವುದನ್ನು ರೂಢಿಸಿಕೊಂಡರು. ಒಂದು ಸಂಜೆ ಅದು ನಿಂತುಹೋದಾಗ, ಅವ್ವನ ಆರೋಗ್ಯವೇ ಕೆಟ್ಟಿತೇನೋ ಎಂದು ಸುಜಾತಾತಾಯಿ ಗಾಬರಿಯಾದರು.

"ಆಯೀ, ಪಂಖಾ ಕ್ಯೂಂ ಬಂದ್ ಹೈ? ತಬಿಯತ್ ಠೀಕ್ ಹೈ ನಾ?"

ಅವ್ವ ಸಂತೆಯಲ್ಲಿ ಕಲಿತ ದಖನಿ ಉರ್ದುವಿನಲ್ಲಿ ಕೂಗಿದಳು: "ಕರೆಂಟ್ ಗಯಾ ಬಾಯಿ! ಪಂಖಾಚ್ ಬಂದ್, ಮೈ ಚಾಲೂ ಹೂಂ!"

ಫ್ಯಾನು ನಿಂತರೂ ತಾನು ನಿಲ್ಲದೆ ಹೀಗೆ ಚಾಲೂ ಆದ ಅವ್ವ ಕೆಲವು ತಿಂಗಳಲ್ಲಿ ವಂದನೆ ಹೇಳತೊಡಗಿದಳು. ಮರೆತಳು, ಎಲ್ಲರೂ ಅವಳೊಡನೆ ಮೊದಲಿಗೆ ಹೋದರು. ಅವಳ ತಕರಾರು ಒಂದೇ: "ನಾ ಅಂದದ್ದಕ್ಕ ಯಾರೂ ಅನ್ನಂಗಿಲ್ಲಲ್ಲ. ಬಾವಿಗಿ ಒದರಿದಂಗ ಆಗ್ತದ." ಸುಜಾತಾತಾಯಿಗೆ ತಿಳಿಸಿದೆ. ಅಂದಿನಿಂದ ಅವ್ವ ಹೇಳುವ ದಿನ ಮಾತ್ರ ಎಲ್ಲರೂ ಮೈಕ್ ತೆರೆದಿಟ್ಟರು. ಗೋಜಲೋ ಗೋಜಲು. ಅವ್ವನಿಗೆ ಅದೇ ಬೇಕಿತ್ತು.

ಕಳೆದ ಬುದ್ಧಪೂರ್ಣಿಮೆಗೆ ನಾನು ಊರಿಗೆ ಹೋದೆ. ವಿಹಾರದಲ್ಲಿ ಶಿವರಾಯ ಕಾಕಾ, ಈಗ ಕೋಲು ಹಿಡಿದವರು, "ಪದವಿ ಮಾಡಿದ ಹುಡುಗಿ ಬಂದಾಳ, ಆಕಿ ಹೇಳ್ಲಿ" ಎಂದರು.

"ಇವತ್ತ ಅವ್ವ ಹೇಳ್ತಾಳ್ರಿ ಕಾಕಾ" ಎಂದೆ.

"ಆಕಿಗಿ ಮತ್ತ ನಡುವ ಮರೀತಂದ್ರ?"

ನಾನು ಬಾಯಿ ತೆರೆಯುವುದರೊಳಗೆ ಅವ್ವ ಎದ್ದಿದ್ದಳು. "ಮರೀತಂದ್ರ ಮತ್ತ ಮೊದಲಿಂದ ಹೇಳ್ತೀನಿ. ನಿಮಗೇನ್ ಬಸ್ ತಪ್ತದೇನ್ ಭಾವಾ?"

ಹೆಂಗಸರ ಕಡೆ ನಗು ಹರಡಿತು. ಅವ್ವ ಚಿತ್ರ ಒತ್ತಿ ಗುಂಪನ್ನು ಸೇರಿ, ಫೋನನ್ನು ಹೂವಿನ ಪಕ್ಕ ಅಂಗಾತ ಮಲಗಿಸಿ, ಕೈಮುಗಿದು, ಮೊದಲ ಸಾಲು ಹೇಳಿದಳು. ಬಾಳೆತೋಟದ ಅದೇ ದನಿ. ಅವಳ ಹಿಂದೆ ಹೇಳಿ ರೂಢಿಯಿಲ್ಲದ ಜನ ಒಬ್ಬರ ಮುಖ ಒಬ್ಬರು ನೋಡಿದರು. ಆಗ ಫೋನಿನಿಂದ ನಾಗಪುರ ಹೇಳಿತು. ಅದರ ಹಿಂದೆ ಲೇಹ್ ಹೇಳಿತು. ಆಮೇಲೆ ಉಳಿದವರು, ಹೊರಟ ಬಸ್ಸನ್ನು ಓಡಿ ಹಿಡಿಯುವವರಂತೆ ಒಬ್ಬರ ಹಿಂದೊಬ್ಬರು. ಕೊನೆಗೆ ಇಡೀ ವಿಹಾರ ಹೇಳಿತು. ಕಾಕಾನೂ ಹೇಳಿದರು. ಅವ್ವ ಕಡೆಯ ಸಾಲಿನವರೆಗೆ ಎಲ್ಲಿಯೂ ನಿಲ್ಲಲಿಲ್ಲ.

ಈಗ ಸಂಜೆಯಾಗಿದೆ. ಹಣ್ಣಿನ ಚಿಪ್ಪನ್ನು ಫೋನಿನ ಮುಂದೆ ಹಿಡಿದು ತೋರಿಸಿದ್ದೇನೆ. ಅವ್ವನ ಫೋನಿಗೆ ಫ್ಯಾನು ಬಿಟ್ಟು ಬೇರೇನೂ ಕಾಣದ ಕಾರಣ ಈ ಕೆಲಸ ನನ್ನದು. ತೋರಿಸಿ, ಬಿಳಿ ಬಟ್ಟೆಯ ಮೇಲೆ ಇಟ್ಟೆ. ಫೋನನ್ನು ಎಂದಿನಂತೆ ಡಬ್ಬಿಗಳ ಮೇಲೆ, ಪ್ರಮಾಣಪತ್ರಕ್ಕೆ ಎದುರಾಗಿ ನಿಲ್ಲಿಸಲು ಹೋದವಳು, ಯಾಕೋ ಹಣ್ಣಿನ ಪಕ್ಕದಲ್ಲೇ ಅಂಗಾತ ಮಲಗಿಸಿದೆ. ನನ್ನ ಚೌಕದಲ್ಲೂ ಈಗ ಫ್ಯಾನೇ ತಿರುಗಿತು.

"ಅರೇ," ಎಂದರು ಸುಜಾತಾತಾಯಿ, "ಆಜ್ ದೋ ದೋ ಪಂಖೇ?"

ಕಮಲಾಪುರದ ಫ್ಯಾನು ಜೋರಾಗಿ ಹೇಳಿತು: "ಓ ಮೇರಿ ಬೇಟೀ ಹೈ ಬಾಯಿ!"